ಬಾಯ್ಲರಿನ ಮೇಲೆ ಕೆತ್ತಿದ ಹೆಸರು

ಕೊಟ್ಟೂರಿನ ಪಕ್ಕೀರಪ್ಪನಿಗೆ ತನ್ನ ಊರಿನ ಬಗ್ಗೆ ಒಳ್ಳೆಯ ಅಭಿಪ್ರಾಯವಿರಲಿಲ್ಲ. ಅದನ್ನು ಮುಚ್ಚಿಡುವ ಸೌಜನ್ಯವೂ ಇರಲಿಲ್ಲ. ಹೊಸಪೇಟೆಯ ಲೋಕೋ ಶೆಡ್ಡಿನಲ್ಲಿ ಮೂವತ್ತಾರು ವರ್ಷ ಫಿಟ್ಟರ್ ಆಗಿದ್ದ ಅವನ ಮುಂದೆ, ನೆಟ್ಟಗೆ ಒಂದು ನಟ್ಟು ಬಿಗಿಯಲು ಬಾರದವರು ರೈಲಿನ ಬಗ್ಗೆ ಮಾತೆತ್ತಿದರೆ ಮೈ ಉರಿಯುತ್ತಿತ್ತು. ಊರಿನವರಿಗೋ ಬೇರೆ ಮಾತೇ ಇರಲಿಲ್ಲ. ಪ್ಯಾಸೆಂಜರ್ ಗಾಡಿ ನಿಂತು ಏಳೆಂಟು ವರ್ಷವಾಗಿತ್ತು. ಮನವಿಪತ್ರ ಬರೆಯುವುದು, ಅದನ್ನು ಹಿಡಿದು ಫೋಟೊ ತೆಗೆಸಿಕೊಳ್ಳುವುದು, ಮಂಡಕ್ಕಿ ಮಿರ್ಚಿ ತಿಂದು ಮನೆಗೆ ಹೋಗುವುದು. ಇದಕ್ಕೆ ಅವರು ಹೋರಾಟ ಎನ್ನುತ್ತಿದ್ದರು.

ಎರಡು ಸಾವಿರದ ಮೂರರಲ್ಲಿ ನಿವೃತ್ತನಾದ ಪಕ್ಕೀರಪ್ಪ ಮರುವಾರವೇ ಹಿತ್ತಲಿನ ತಗಡಿನ ಚಪ್ಪರದಡಿ ಎಂಜಿನ್ ಕಟ್ಟಲು ಕೂತ. ಮೂರಡಿ ಉದ್ದದ್ದು, ಆದರೆ ನೀರು ಕುದಿಸಿ ಉಗಿಯಿಂದಲೇ ಓಡುವಂಥದ್ದು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದವರು ನಮ್ಮ ಸಣ್ಣ ಹಳಿಗೆಂದು ಅವಸರದಲ್ಲಿ ಮಾಡಿ, ಹಡಗಿಗೆ ಹೇರಿ ಕಳಿಸಿದ ಎಂಜಿನ್ನುಗಳ ಮಾದರಿ. ಅವನ ಅಪ್ಪ ಹುಲುಗಣ್ಣ ಅಂಥದೊಂದರಲ್ಲಿ ಫೈರ್‌ಮನ್ ಆಗಿ, ಅಸ್ಸಾಮಿನ ಕಡೆ ಮದ್ದುಗುಂಡು ಸಾಗಿಸುವ ಗಾಡಿಗೆ ಕಲ್ಲಿದ್ದಲು ಎಸೆದವನು. ಪಕ್ಕೀರಪ್ಪ ಇನ್ನೂ ತೊಟ್ಟಿಲಲ್ಲಿದ್ದಾಗ ಅಲ್ಲೇ ಮಲೇರಿಯಾದಿಂದ ಸತ್ತ. ಮನೆಗೆ ಬಂದದ್ದು ಒಂದು ಸರ್ಕಾರಿ ಕಾಗದ, ಒಂದು ಫೋಟೊ. ಫೋಟೊದಲ್ಲಿ ಹುಲುಗಣ್ಣ ಎಂಜಿನ್ ಪಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ಆ ಫೋಟೊ ಬಿಟ್ಟರೆ ಪಕ್ಕೀರಪ್ಪನಿಗೆ ಬೇರೆ ನಕ್ಷೆಯಿರಲಿಲ್ಲ. ಅಪ್ಪನ ಎತ್ತರ ಐದೂವರೆ ಅಡಿ ಎಂದು ತಾಯಿಯಿಂದ ಕೇಳಿ ತಿಳಿದು, ಆ ಲೆಕ್ಕದಲ್ಲೇ ಗಾಲಿ, ಬಾಯ್ಲರ್, ಚಿಮಣಿ ಎಲ್ಲದರ ಅಳತೆ ಹಿಡಿದ.

ಇಷ್ಟೆಲ್ಲ ತಾಯಿ ದ್ಯಾಮಕ್ಕನಿಗಾಗಿ. ಎಂಬತ್ತು ಸಮೀಪಿಸಿದ ಅವಳಿಗೆ ಒಂದು ಕಣ್ಣು ಪೂರ್ತಿ ಹೋಗಿತ್ತು. ಇನ್ನೊಂದು ಕಣ್ಣು ಎರಡು ವರ್ಷ ಉಳಿದರೆ ಹೆಚ್ಚು, ಆಪರೇಷನ್ನಿನಿಂದ ಉಪಯೋಗವಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಜೀವಮಾನದಲ್ಲಿ ಮಗನನ್ನು ಏನೂ ಕೇಳದವಳು ಒಂದನ್ನು ಕೇಳಿದ್ದಳು.

"ಅವರ ಎಂಜಿನ್ ಹೆಂಗ ಓಡತಿತ್ತು ಅಂತ ಒಮ್ಮಿ ಕಣ್ಣಿಲೆ ನೋಡಬೇಕು ನೋಡಪ್ಪಾ."

ಎರಡು ವರ್ಷ ಹಿಡಿಯಿತು. ತಾಮ್ರದ ಹಾಳೆ ಸುತ್ತಿ, ಬೆಳ್ಳಿ ಬೆಸುಗೆ ಹಾಕಿ ಬಾಯ್ಲರ್ ಮಾಡಿದ. ಯುದ್ಧದ ಎಂಜಿನ್ನಿಗೆ ಸಿಂಗಾರವಿರಲಿಲ್ಲವೆಂದು ಬರೀ ಕಪ್ಪು ಬಳಿದ. ಇಣುಕಿದವರು ಮೊಮ್ಮಕ್ಕಳ ಆಟಿಕೆಯೇ ಎಂದು ಕೇಳುತ್ತಿದ್ದರು. ಹೌದು, ನಿಮ್ಮಂಥವರಿಗೆ ಅರ್ಥವಾಗುವುದು ಅಷ್ಟೇ ಎಂದು ಅವನು ತಲೆ ಎತ್ತದೆ ಹೇಳುತ್ತಿದ್ದ.

ಓಡಿಸಲು ಮಾತ್ರ ಜಾಗವಿರಲಿಲ್ಲ. ಆ ಹೊತ್ತಿಗೆ ಸರಿಯಾಗಿ ಎಣ್ಣೆ ಮಿಲ್ಲಿನ ಗುರುಸಂಗಪ್ಪ ಬಂದ. ಹೈಸ್ಕೂಲಿನ ಬೆಳ್ಳಿಹಬ್ಬದ ಸಮಿತಿಗೆ ಅವನೇ ಅಧ್ಯಕ್ಷ. ಊರಿನ ದೊಡ್ಡ ದಾನಿ. ಅವನು ಕೊಡಿಸಿದ ಟ್ಯೂಬ್‌ಲೈಟುಗಳ ಮೇಲೆ ಅವನ ಹೆಸರು ಎಷ್ಟು ದಪ್ಪಗಿರುತ್ತಿತ್ತೆಂದರೆ, ಬೆಳಕಿಗೆ ಹೊರಬರಲು ಜಾಗ ಉಳಿಯುತ್ತಿರಲಿಲ್ಲ. ಹಬ್ಬದ ದಿನ ಪ್ರದರ್ಶನಕ್ಕಿಟ್ಟರೆ ಶಾಲೆಯ ಅಂಗಳದಲ್ಲಿ ಮೂವತ್ತಡಿ ಹಳಿ ಹಾಕಿಸಿಕೊಡುತ್ತೇನೆ ಎಂದ. ಪಕ್ಕೀರಪ್ಪ ಅಸಹ್ಯವನ್ನು ನುಂಗಿಕೊಂಡು ಒಪ್ಪಿದ. ಆಮೇಲೆ ಅದಕ್ಕೆ ತನ್ನನ್ನು ತಾನೇ ಬೈದುಕೊಂಡದ್ದಕ್ಕೆ ಲೆಕ್ಕವಿಲ್ಲ.

ಹಬ್ಬದ ಹಿಂದಿನ ದಿನ ಎಂಜಿನ್ನನ್ನು ಹೆಡ್‌ಮಾಸ್ಟರ ಕೋಣೆಯಲ್ಲಿಟ್ಟು ಬಂದ. ಬೆಳಿಗ್ಗೆ ಹೋಗಿ ನೋಡುತ್ತಾನೆ, ಬಾಯ್ಲರಿನ ಬದಿಯಲ್ಲಿ ಬಣ್ಣ ಕೆರೆದು ಅಕ್ಷರ ಕೆತ್ತಲಾಗಿದೆ: ದಾನಿಗಳು, ಶ್ರೀ ಗುರುಸಂಗಪ್ಪನವರು. ಮದುವೆಯ ಉಡುಗೊರೆ ಕೊಡಗಳಿಗೆ ಹೆಸರು ಹಾಕುವ ಪಾತ್ರೆ ಅಂಗಡಿಯವನನ್ನು ಕರೆಸಿ, ಉಳಿಯಿಂದ ಕುಟ್ಟಿಸಿದ್ದರು. ಅದೂ ಬೆಸುಗೆಯ ಸಾಲಿನ ಮೇಲೇ.

ಗುರುಸಂಗಪ್ಪನಿಗೆ ತಪ್ಪೇನೆಂದು ಹೊಳೆಯಲಿಲ್ಲ.

"ಹಳಿ ಕೊಟ್ಟಾವ ನಾನಲ್ಲೇನೋ ಪಕ್ಕೀರಪ್ಪ? ಕೊಟ್ಟದ್ದಕ್ಕ ಹೆಸರು ಹಾಕಸದ ಬಿಡಾಕ ಆಕ್ಕೈತೇನು?"

ಹಾಗಾದರೆ ಹಳಿಯ ಮೇಲೆ ಹಾಕಿಸಬಹುದಿತ್ತಲ್ಲ ಎಂದರೆ, ಹಳಿ ಕೆಳಗಿರುತ್ತದೆ, ಯಾರಿಗೂ ಕಾಣುವುದಿಲ್ಲ ಎಂದ.

ಪಕ್ಕೀರಪ್ಪ ಬಾಯ್ಲರ್ ಸೋರುತ್ತದೆಯೇ ಎಂದು ನೋಡಲು ಕೂತ. ಬಾಯ್ಲರಿಗೆ ನೀರು ತುಂಬಿ ಕೈಪಂಪಿನಿಂದ ಒತ್ತಡ ಕೊಟ್ಟ. ಕೆತ್ತಿದ ಅಕ್ಷರಗಳಿಂದ ಒಂದೊಂದಾಗಿ ನೀರು ಜಿನುಗಿತು. ಲಾರಿ ಟ್ಯಾಂಕಿಗೆ ಹಚ್ಚುವ ಹಾಗೆ ಸೋಪು ಹಚ್ಚಿಬಿಡು ಎಂದು ಗುರುಸಂಗಪ್ಪ ಉಪಾಯ ಹೇಳಿದ. ಬೆಂಕಿಯಿಟ್ಟರೆ ಬಾಯ್ಲರ್ ಒಡೆದು, ಸುತ್ತ ನಿಂತ ಮಕ್ಕಳ ಮುಖಕ್ಕೆ ಸಿಡಿಯುತ್ತದೆ ಎಂಬುದು ಅವನ ತಲೆಗೆ ಹೋಗಲಿಲ್ಲ. ಬಿಚ್ಚಿ ಹೊಸದಾಗಿ ಕಟ್ಟಲು ವರ್ಷ ಬೇಕು. ತಾಯಿಯ ಕಣ್ಣಿಗೆ ಅಷ್ಟು ಕಾಲವಿರಲಿಲ್ಲ.

"ದಾರ ಕಟ್ಟಿ ಎಳದರಾತು ಬಿಡು. ಆ ಮುದುಕಿಗೇನ್ ಗೊತ್ತಾಕ್ಕೈತಿ?"

ಗುರುಸಂಗಪ್ಪನ ಈ ಮಾತಿಗೆ ಪಕ್ಕೀರಪ್ಪನಿಗೆ ಸಿಟ್ಟು ಕೂಡ ಬರಲಿಲ್ಲ. ಚಪ್ಪಲಿಗೆ ಅಂಟಿದ್ದನ್ನು ನೋಡುವಂತೆ ಅವನನ್ನು ನೋಡಿದ. ಶೆಡ್ಡಿನಲ್ಲಿ ಎಂಜಿನ್ ಫೇಲಾದರೆ ಫಿಟ್ಟರ್ ಕಾರಣ ಬರೆದು ಸಹಿ ಹಾಕಬೇಕು. ಅದೇ ರೀತಿ ಚೀಟಿ ಬರೆದು ಹೆಡ್‌ಮಾಸ್ಟರ ಕೈಗೆ ಕೊಟ್ಟ. ಆ ಪುಣ್ಯಾತ್ಮರು ಕೈಗೆ ಏನು ಸಿಕ್ಕರೂ ಮೈಕಿನಲ್ಲಿ ಓದಿಬಿಡುವವರು. ಓದಿದರು: "ಎಂಜಿನ್ ಓಡುವುದಿಲ್ಲ. ಕಾರಣ, ಬಾಯ್ಲರಿನ ಬೆಸುಗೆಯ ಮೇಲೆ ದಾನಿಗಳ ಹೆಸರು ಕೆತ್ತಲಾಗಿದೆ. ಪಕ್ಕೀರಪ್ಪ, ಫಿಟ್ಟರ್."

ಅಂಗಳವೆಲ್ಲ ನಕ್ಕಿತು. ಗುರುಸಂಗಪ್ಪನ ಮುಖ ಕಪ್ಪಿಟ್ಟಿತು. ಪಕ್ಕೀರಪ್ಪನಿಗೆ ಬಲು ಹಿತವಾಯಿತು, ಮುಂದಿನ ಸಾಲಿನ ಕುರ್ಚಿಯಲ್ಲಿದ್ದ ತಾಯಿ ಕಣ್ಣಿಗೆ ಬೀಳುವವರೆಗೆ.

ಕಿವಿ ಮಂದವಾಗಿದ್ದ ದ್ಯಾಮಕ್ಕನಿಗೆ ಮೈಕಿನ ಮಾತು ಸರಿಯಾಗಿ ಕೇಳಿಸಿರಲಿಲ್ಲ. ಓಡಂಗಿಲ್ಲೇನು ಎಂದು ಕೇಳಿದಳು. ಮಗ ಇಲ್ಲವೆಂದು ತಲೆಯಾಡಿಸಿದ. ಅವಳು ಎದ್ದು ಬಂದು ಎಂಜಿನ್ ಪಕ್ಕ ಕೂತಳು. ಗಾಲಿ ಮುಟ್ಟಿದಳು, ಚಿಮಣಿ ಮುಟ್ಟಿದಳು. ಕೈ ಸರಿದು ಬಾಯ್ಲರಿನ ಬದಿಗೆ ಬಂದು ನಿಂತಿತು. ಓದು ಬಾರದವಳು, ಗಂಡನ ಹೆಸರನ್ನು ಒಮ್ಮೆಯೂ ಬಾಯಿಬಿಟ್ಟು ಹೇಳದವಳು.

"ಇಲ್ಲಿ ಅಕ್ಷರ ಅದಾವಲ್ಲಪ್ಪ. ಅವರ ಹೆಸರು ಹಾಕಿಸೀಯೇನು?"

ಎರಡು ಹೆಜ್ಜೆ ಆಚೆ ನಿಂತಿದ್ದ ಗುರುಸಂಗಪ್ಪ ಬಾಯಿ ತೆರೆದ. ಪಕ್ಕೀರಪ್ಪ ಅವನತ್ತ ತಿರುಗಿ ನೋಡಿದ, ನೋಡುತ್ತಲೇ ತಾಯಿಗೆ ಹೇಳಿದ.

"ಹೂಂನವ್ವ. ಅಪ್ಪನ ಹೆಸರು."

ಮುದುಕಿ ಒಂದೊಂದು ಅಕ್ಷರದ ಮೇಲೂ ಬೆರಳಾಡಿಸಿದಳು. ಅವಳಿಗೆ ಅವಸರವಿರಲಿಲ್ಲ. ಅದು ಮುಗಿಯುವವರೆಗೆ ಗುರುಸಂಗಪ್ಪ ಬಾಯಿ ಮುಚ್ಚಿಕೊಂಡು ನಿಂತಿರಬೇಕಾಯಿತು.