ಬೇರು ತೊಳೆದ ಸೆಟ್ಟಪ್ಪ

ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಹಿಂಬದಿಯಲ್ಲಿ, ಎಕ್ಸ್‌ರೇ ಕೋಣೆಗೂ ಬಚ್ಚಲಿಗೂ ನಡುವೆ ಒಂದು ಕಿರುಕೋಣೆ. ಅಲ್ಲಿ ಮೂವತ್ತನಾಲ್ಕು ವರ್ಷಗಳಿಂದ ಕೂತು ಕಟ್ಟುಹಲ್ಲು ಮಾಡುವವನನ್ನು ಊರೆಲ್ಲ ಸೆಟ್ಟಪ್ಪ ಎಂದು ಕರೆಯುತ್ತದೆ. ಹಲ್ಲುಸೆಟ್ಟು ಮಾಡುವವನಾದ್ದರಿಂದ ಸೆಟ್ಟಪ್ಪ. ನಿಜವಾದ ಹೆಸರು ಅವನ ಸಂಬಳದ ಚೀಟಿಗೆ ಮಾತ್ರ ಗೊತ್ತು. ಊರಿನ ಹಿರಿಯರಲ್ಲಿ ಅರ್ಧದಷ್ಟು ಜನರ ನಗು ಹುಟ್ಟಿದ್ದು ಅವನ ಕೈಯಲ್ಲಿ. ತಾನು ನಗಬೇಕೆಂದು ಅವನಿಗೆ ನೆನಪಾಗುವುದು ಮಾತ್ರ ಅಪರೂಪ.

ಕೊಳೆ ಕಂಡರೆ ಸೆಟ್ಟಪ್ಪನ ಕೈ ಸುಮ್ಮನಿರುವುದಿಲ್ಲ. ಅಚ್ಚಿನಲ್ಲಿ ಮೇಣದ ಒಂದು ಚೂರು ಉಳಿದರೂ ಹಲ್ಲು ಸರಿಯಾಗಿ ಕೂರುವುದಿಲ್ಲವೆಂದು ಕುದಿಯುವ ನೀರು ಸುರಿದು, ಬ್ರಷ್ಷಿನಲ್ಲಿ ಉಜ್ಜಿ ಉಜ್ಜಿ ತೊಳೆಯುವುದೇ ಅವನ ಕಸುಬು. ಆ ಚಟ ಅವನ ಜೊತೆಗೇ ಮನೆಗೂ ಬರುತ್ತಿತ್ತು. ಅವನು ಸ್ವಿಚ್ಚು ಒರೆಸುತ್ತಿದ್ದರೆ ಅಕ್ಕ, "ಬಿಡೋ, ಅದಕ್ಕೂ ಸ್ವಲ್ಪ ಬಣ್ಣ ಉಳೀಲಿ," ಎನ್ನುತ್ತಿದ್ದಳು.

ಮನೆಯಲ್ಲಿದ್ದದ್ದು ಅವನು, ಅವನ ಅಕ್ಕ, ಅಷ್ಟೆ. ಇಬ್ಬರೂ ಮದುವೆಯಾಗಿರಲಿಲ್ಲ. ಯಾಕೆಂದು ಕೇಳಿದವರಿಗೆ ಅಕ್ಕನ ಉತ್ತರ ಸಿದ್ಧವಿತ್ತು: "ಇವನೊಬ್ಬನನ್ನ ಸಂಭಾಳಿಸೋದ್ರಲ್ಲೇ ಜನ್ಮ ಮುಗೀತು, ಇನ್ನೊಬ್ಬ ಯಾಕೆ?" ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತಳಾದ ಅವಳು ಕೆಲಸಕ್ಕೆ ಸೇರಿದ ವರ್ಷ ಒಂದು ಗೇಣುದ್ದದ ಕಡ್ಡಿ ನೆಟ್ಟಿದ್ದಳು. ಈಗ ಅದು ಆಲದ ಜಾತಿಯ ಬೋನ್ಸಾಯ್. ಊಟದ ಮೇಜಿನ ಪಕ್ಕದ ಕಿಟಕಿಯಲ್ಲಿ, ತಟ್ಟೆಯಂಥ ಚಪ್ಪಟೆ ಕುಂಡದಲ್ಲಿ, ನೂರು ವರ್ಷದ ಮರದ ಠೀವಿಯಿಂದ ಒಂದೂವರೆ ಅಡಿ ಎತ್ತರಕ್ಕೆ ನಿಂತಿತ್ತು. ಅದರ ಎಲೆ ಕಿರುಬೆರಳಿನ ಉಗುರನ್ನು ಮೀರಿ ಬೆಳೆಯಲು ಅವಳು ಬಿಟ್ಟಿರಲಿಲ್ಲ.

ಎದೆಯಲ್ಲಿ ನೀರು ತುಂಬಿ ಅಕ್ಕ ಆಸ್ಪತ್ರೆ ಸೇರುವ ಹೊತ್ತಿಗೆ ಗಿಡದ ಬೇರು ಕುಂಡದ ತಳದ ತೂತಿನಿಂದ ಹೊರಗೆ ಇಣುಕುತ್ತಿತ್ತು. "ಬಂದ ಮೇಲೆ ನಾನೇ ಕುಂಡ ಬದಲಾಯಿಸ್ತೀನಿ," ಎಂದಳು. "ನೀನು ನೀರು ಕೊಡು. ಕೈ ಮಾತ್ರ ಕೊಡಬೇಡ."

ಸೆಟ್ಟಪ್ಪ ಒಂಬತ್ತು ದಿನ ತಡೆದ. ಹತ್ತನೆಯ ದಿನ ಭಾನುವಾರ. ಅಕ್ಕ ಮನೆಗೆ ಬರುವಷ್ಟರಲ್ಲಿ ಗಿಡ ಹೊಸ ಕುಂಡದಲ್ಲಿ ನಿಂತಿರಬೇಕು, ಅವಳು ಬಾಗಿಲಲ್ಲೇ "ಅಯ್ಯೋ ನನ್ನ ರಾಜ" ಎನ್ನಬೇಕು ಎಂಬುದು ಅವನ ಆಸೆ. ಅರವತ್ತು ತುಂಬುತ್ತಿರುವ ಗಂಡಸಿಗೂ ಅಕ್ಕನ ಬಾಯಲ್ಲಿ ರಾಜನಾಗುವ ಹಂಬಲ ಹೋಗಿರುವುದಿಲ್ಲ. ಮೇಜಿನ ಮೇಲೆ ಹಳೆಯ ಪೇಪರು ಹಾಸಿ ಗಿಡವನ್ನು ಕಿತ್ತ. ಮಣ್ಣು ಬಿಡಿಸಿದರೆ ಬೇರಿನ ತುದಿಯಲ್ಲೆಲ್ಲ ಬೆಳ್ಳಗೆ ನೂಲಿನಂಥದ್ದು. ಬೂಷ್ಟು ಹಿಡಿದಿದೆ ಎಂದುಕೊಂಡ. ಅರ್ಧಕ್ಕರ್ಧ ಬೇರು ಕತ್ತರಿಸಿ, ಉಳಿದದ್ದನ್ನು ನಲ್ಲಿಯ ಕೆಳಗೆ ಹಿಡಿದು, ಹೊಸ ಹಲ್ಲುಜ್ಜುವ ಬ್ರಷ್ಷೊಂದನ್ನು ತೆಗೆದು, ಡಾಕ್ಟರು ರೋಗಿಗಳಿಗೆ ಹೇಳಿಕೊಡುವ ಕ್ರಮದಲ್ಲೇ ಒಂದೊಂದು ಬೇರನ್ನೂ ಮೇಲಿನಿಂದ ಕೆಳಕ್ಕೆ ಉಜ್ಜಿದ. ಮುಕ್ಕಾಲು ಗಂಟೆ ಉಜ್ಜಿದ. ಗಿಡ ನೀರು ಕುಡಿಯುವುದು ಆ ಬಿಳಿ ನೂಲಿನಿಂದಲೇ ಎಂದು ಅವನಿಗೇನು ಗೊತ್ತು? ಊರಿಗೆಲ್ಲ ಬಾಯಿ ಕೊಟ್ಟವನು ಗಿಡದ ಬಾಯನ್ನು ಉಜ್ಜಿ ತೆಗೆದಿದ್ದ.

ನಾಲ್ಕನೆಯ ದಿನ ಎಲೆ ಹಳದಿಯಾಯಿತು. ವಾರ ಕಳೆಯುವಷ್ಟರಲ್ಲಿ ಉದುರತೊಡಗಿತು. ಸೆಟ್ಟಪ್ಪ ಗಾಬರಿಯಾಗಿ ನೀರನ್ನು ಎರಡರಷ್ಟು ಮಾಡಿದ, ಗೊಬ್ಬರ ಸುರಿದ, ಬೆಳಿಗ್ಗೆ ಅಡುಗೆಮನೆಯ ಕಿಟಕಿ, ಮಧ್ಯಾಹ್ನ ಬಾಲ್ಕನಿ, ಸಂಜೆ ನಡುಮನೆ ಎಂದು ಕುಂಡ ಹೊತ್ತು ತಿರುಗಿದ. ಎದುರುಮನೆಯ ಟೈಲರಮ್ಮ ನೋಡಿ, "ಏನು ಸೆಟ್ಟಪ್ಪೋರೇ, ಮಗು ನಿದ್ದೆ ಮಾಡ್ತಿಲ್ವಾ?" ಎಂದಳು.

ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡಲು ಬಿಡುವುದು ಸಂಜೆ ನಾಲ್ಕಕ್ಕೆ.

"ಹೇಗಿದೆಯೋ ನನ್ನ ಗಿಡ?"

"ಜೋರಾಗಿದೆ ಅಕ್ಕ."

"ಜೋರು ಅಂದ್ರೆ?"

"ಅಂದ್ರೆ... ಹಸಿರಾಗಿ."

"ಗಿಡ ಹಸಿರಾಗಿರದೆ ನೀಲಿಯಾಗಿರುತ್ತಾ? ನಾಳೆ ಒಂದು ಎಲೆ ತಗೊಂಡು ಬಾ. ಮುಟ್ಟಬೇಕು ಅನ್ನಿಸ್ತಿದೆ."

ಅಷ್ಟು ಹೊತ್ತಿಗೆ ಗಿಡದಲ್ಲಿ ಒಂದೇ ಒಂದು ಎಲೆಯೂ ಉಳಿದಿರಲಿಲ್ಲ. ಮರುದಿನ ಸೆಟ್ಟಪ್ಪ ಬ್ಯಾಂಕಿನ ಮುಂದೆ ದೊಡ್ಡ ಕುಂಡದಲ್ಲಿದ್ದ ಅದೇ ಜಾತಿಯ ಗಿಡದಿಂದ ಒಂದು ಎಲೆ ಕದ್ದ. ಅದು ದೊಡ್ಡದಾಯಿತು. ಕಿರುಕೋಣೆಯಲ್ಲಿ ಕೂತು, ಸಣ್ಣ ಕತ್ತರಿಯಿಂದ ಸುತ್ತಲೂ ಕತ್ತರಿಸಿ, ಉಗುರಿನ ಅಳತೆಗೆ ತಂದು, ತುದಿಯನ್ನೂ ಚೂಪಾಗಿಸಿದ. ಕಸುಬುದಾರನ ಕೆಲಸ, ನಮ್ಮಂಥವರಾದರೆ ನೂರಕ್ಕೆ ನೂರು ಮೋಸಹೋಗುತ್ತಿದ್ದೆವು.

ಅಕ್ಕ ಹೆಬ್ಬೆರಳಿನಿಂದ ಅಂಚನ್ನು ಒಂದು ಸುತ್ತು ಸವರಿದಳು. "ನರವೆಲ್ಲ ಅಂಚಿನಲ್ಲಿ ಕಡಿದುಹೋಗಿದೆ. ಇದು ಕಟ್ಟಿಸಿದ ಹಲ್ಲು ಕಣೋ. ನಿಜ ಹೇಳು."

ಸೆಟ್ಟಪ್ಪ ಹೇಳಿದ, ಬ್ರಷ್ಷಿನ ಸಮೇತ ಹೇಳಿದ. ಅಕ್ಕ ಬಿದ್ದು ಬಿದ್ದು ನಕ್ಕಳು, ನಗು ಕೆಮ್ಮಾಯಿತು. ನರ್ಸು ಓಡಿಬಂದು, "ಆಯಾಸ ಮಾಡ್ಕೋಬೇಡಿ ಅಂತ ಹೇಳಿಲ್ವಾ ಅಮ್ಮಾ?" ಎಂದು ಗದರಿದಳು.

"ಈ ಮಹಾಶಯ ಗಿಡಕ್ಕೆ ಹಲ್ಲುಜ್ಜಿ ಬಂದಿದ್ದಾನೆ ಸಿಸ್ಟರ್. ನಗದೆ ಏನು ಮಾಡ್ಲಿ?"

ಆಮೇಲೆ ಗೋಡೆಯ ಕಡೆಗೆ ಹೊರಳಿದಳು. ಸೆಟ್ಟಪ್ಪನಿಗೆ ಬೈಸಿಕೊಂಡಿದ್ದರೆ ಹಗುರವಾಗುತ್ತಿತ್ತು. ಅವಳು ಗೋಡೆಗೇ ಹೇಳುವಂತೆ ಕೇಳಿದಳು:

"ಕುಂಡದಲ್ಲಿ ಅಲುಗಾಡುತ್ತಾ?"

"ಸ್ವಲ್ಪ."

"ಅಲುಗಾಡೋ ಸೆಟ್ಟು ಒಸಡಿಗೆ ಯಾವತ್ತಾದ್ರೂ ಒಗ್ಗಿದೆಯೇನೋ? ತಂತಿ ಹಾಕಿ ಕುಂಡಕ್ಕೆ ಬಿಗಿ. ಅಲುಗಾಡಿದ್ರೆ ಹೊಸ ಬೇರು ಮುರಿಯುತ್ತೆ. ಬೆಳಕಿರೋ ಕಡೆ ಇಡು, ನೇರ ಬಿಸಿಲು ಬೇಡ. ಮೇಲೊಂದು ಪ್ಲಾಸ್ಟಿಕ್ ಚೀಲ ಮುಚ್ಚು, ದಿನಕ್ಕೊಂದು ಸಲ ತೆಗೆದು ಗಾಳಿಯಾಡಿಸು. ಗೊಬ್ಬರದ ಮಾತೇ ಎತ್ತಬೇಡ. ಬೆರಳಿಟ್ಟು ನೋಡು, ಮೇಲಿನ ಮಣ್ಣು ಒಣಗಿದ್ರೆ ಮಾತ್ರ ನೀರು."

"ಆಮೇಲೆ?"

"ಆಮೇಲೆ ಕೈಕಟ್ಟಿ ಕೂತ್ಕೋ."

"ಎಷ್ಟು ದಿನ?"

"ಅದಕ್ಕೆ ಮನಸ್ಸು ಬರೋ ತನಕ."

ಹೇಳಿದಷ್ಟನ್ನೂ ಮಾಡಿದ. ತಂತಿ, ಚೀಲ, ಬೆರಳು ಎಲ್ಲ ಸುಲಭವಾಯಿತು. ಕೈಕಟ್ಟಿ ಕೂರುವುದು ಆಗಲಿಲ್ಲ. ಗಿಡದ ಹತ್ತಿರ ಹೋಗಬಾರದೆಂದು ಮನೆಯ ಪಾತ್ರೆಗಳನ್ನೆಲ್ಲ ಎರಡೆರಡು ಸಲ ತೊಳೆದ. ದಿನವೂ ನಾಲ್ಕಕ್ಕೆ ಹೋಗಿ ವರದಿ ಒಪ್ಪಿಸಿದ: "ಏನೂ ಇಲ್ಲ ಅಕ್ಕ." ಅವಳು ಹ್ಞೂಂಗುಡುತ್ತಿದ್ದಳು. ಅವಳ ಹ್ಞೂಂ ದಿನದಿಂದ ದಿನಕ್ಕೆ ಸಣ್ಣದಾಗುತ್ತಿತ್ತು.

ಒಂದು ದಿನ ಆಸ್ಪತ್ರೆಯ ಡಾಕ್ಟರು ಅವನನ್ನು ಹೊರಗೆ ಕರೆದರು. "ಎಷ್ಟು ಸಲ ತೆಗೆದ್ರೂ ನೀರು ಮತ್ತೆ ತುಂಬ್ತಾ ಇದೆ. ಇನ್ನು ಅವರನ್ನ ಆರಾಮಾಗಿ ಇಡೋದಷ್ಟೆ."

"ನಾನು ಏನಾದ್ರೂ ಮಾಡೋದು ಇರುತ್ತಲ್ಲ ಸಾರ್?"

"ಪಕ್ಕದಲ್ಲಿ ಕೂತ್ಕೊಳ್ಳಿ."

ಅಂದಿನಿಂದ ಅವನಿಗೆ ಒಂದೇ ಆಸೆ: ಅವಳು ಹೋಗುವ ಮುಂಚೆ ಗಿಡ ಒಂದು ಚಿಗುರನ್ನಾದರೂ ಬಿಡಲಿ. ಹತ್ತು ದಿನ ಕಳೆಯಿತು. ಹನ್ನೊಂದನೆಯ ದಿನ ಬಸ್ಸಿನಲ್ಲಿ ಕೂತು ಒಂದು ಒಳ್ಳೆಯ ಸುಳ್ಳನ್ನು ಅಭ್ಯಾಸ ಮಾಡಿದ. ಎರಡು ಚಿಗುರು ಬಂದಿದೆ, ಒಂದು ಎಡಕ್ಕೆ, ಒಂದು ಬಲಕ್ಕೆ.

"ಚಿಗುರಿತೇನೋ?" ಅಕ್ಕನ ದನಿ ಉಸಿರಿನೊಳಗೆ ಸಿಕ್ಕಿಕೊಂಡಿತ್ತು.

ಸೆಟ್ಟಪ್ಪ ಬಾಯಿ ತೆರೆದ. "ಇಲ್ಲ ಅಕ್ಕ. ಬೆಳಿಗ್ಗೆ ಉಗುರಿಂದ ಕೆರೆದು ನೋಡಿದೆ. ಸಿಪ್ಪೆ ಕೆಳಗೆ ಹಸಿರಿದೆ. ಒಂದು ತೊಟ್ಟು ಹಾಲೂ ಬಂತು."

"ಎಲ್ಲಿ ಕೆರೆದೆ?"

"ಬುಡದಲ್ಲಿ."

"ಮೇಲೆ?"

"ಮೇಲೆ... ಒಣಗಿದೆ."

ಅವಳು ಕಣ್ಣು ಮುಚ್ಚಿದಳು. ನಿದ್ದೆ ಬಂತೆಂದು ಅವನು ಎದ್ದ.

"ನಾಳೆ ಮತ್ತೆ ಕೆರೀಬೇಡ," ಎಂದಳು. "ನೋವಾಗುತ್ತೆ ಅದಕ್ಕೆ."

ಮರುದಿನ ಬೆಳಿಗ್ಗೆ ಆಸ್ಪತ್ರೆಯಿಂದ ಫೋನ್ ಬಂತು.

ಮಾತನಾಡಿಸಲು ಬಂದ ಚಿಕ್ಕಮ್ಮ ಚೀಲದೊಳಗಿನ ಬೋಳು ಕಡ್ಡಿಯನ್ನು ನೋಡಿ, "ಸತ್ತ ಗಿಡ ಯಾಕಪ್ಪ ಮನೇಲಿ? ಎಸೆದುಬಿಡು," ಎಂದರು. "ಇರ್ಲಿ ಚಿಕ್ಕಮ್ಮ," ಎಂದ. ಆಮೇಲೆ ದಿನವೂ ಅಷ್ಟೆ: ಬೆರಳಿಟ್ಟು ನೋಡುವುದು, ಒಣಗಿದ್ದರೆ ನೀರು ಹಾಕುವುದು, ಇಲ್ಲವಾದರೆ ಸುಮ್ಮನಿರುವುದು. ಕೈಕಟ್ಟಿ ಕೂರುವುದು ಈಗ ಕಷ್ಟವಾಗಲಿಲ್ಲ. ಕೈ ಎತ್ತುವುದೇ ಕಷ್ಟವಾಗಿತ್ತು.

ಮೂರು ವಾರ ಕಳೆದ ಮೇಲೆ ಒಂದು ರಜೆಯ ಮಧ್ಯಾಹ್ನ ಚೀಲ ತೆಗೆದಾಗ, ಬುಡದಿಂದ ಎರಡು ಬೆರಳು ಮೇಲೆ, ಎಳ್ಳಿನಷ್ಟು ಹಸಿರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ. ಹಸಿರೇ. ಗಡಿಯಾರದಲ್ಲಿ ಮೂರೂವರೆ. ಅಂಗಿ ಬದಲಾಯಿಸಿ, ಬೀಗ ಹಾಕಿ, ದಾಪುಗಾಲಿಟ್ಟು ಬಸ್‌ಸ್ಟಾಪಿಗೆ ಬಂದು ನಿಂತ. ಆಸ್ಪತ್ರೆಯ ಕಡೆಯ ಬಸ್ಸು ಬಂತು. ಕಂಡಕ್ಟರು, "ಹತ್ತಿ ಯಜಮಾನ್ರೇ," ಎಂದ. ಆಗ ಅವನಿಗೆ ನೆನಪಾಯಿತು. ಬಸ್ಸು ಹೋಯಿತು. ಇನ್ನೊಂದು ಬಂತು, ಅದೂ ಹೋಯಿತು.

ಮರುದಿನ ಕ್ಲಿನಿಕ್ಕಿನಲ್ಲಿ ಡಾಕ್ಟರು ಒಬ್ಬ ಮುದುಕಿಯ ಬಾಯಲ್ಲಿ ಅಳತೆಗೆ ಮೆತ್ತನೆಯ ಹಿಟ್ಟು ತುಂಬಿದ ಅಚ್ಚಿನ ತಟ್ಟೆ ತುರುಕಿ, ಯಾರದೋ ಫೋನ್ ಬಂದು ಹೊರಗೆ ಹೊರಟರು. "ಸೆಟ್ಟಪ್ಪ, ಇಲ್ಲಿ ನೋಡ್ಕೋ. ಐದು ನಿಮಿಷಕ್ಕೆ ಗಟ್ಟಿಯಾಗುತ್ತೆ, ತೆಗೆದುಬಿಡು."

ಮುದುಕಿ ಬಾಯಿ ತುಂಬಿಕೊಂಡು, ಕಣ್ಣು ಬಿಟ್ಟುಕೊಂಡು ಕುರ್ಚಿಯಲ್ಲಿ ಒರಗಿದ್ದಳು. ಸೆಟ್ಟಪ್ಪ ಸ್ವಲ್ಪ ಹೊತ್ತು ಅವಳನ್ನೇ ನೋಡಿದ.

"ನಮ್ಮನೇಲಿ ಒಂದು ಗಿಡ ಇದೆ ಅಜ್ಜಿ," ಎಂದ. "ಚಿಗುರಿದೆ."

"ಹ್ಞೂಂ," ಎಂದಳು ಮುದುಕಿ, ಮೂಗಿನಿಂದ.

ಅವನು ಸ್ಟೂಲು ಎಳೆದುಕೊಂಡು ಕೂತ. ಬೇರು ತೊಳೆದದ್ದರಿಂದ ಶುರುಮಾಡಿದ. ಬ್ರಷ್ಷಿನ ವಿಷಯಕ್ಕೆ ಮುದುಕಿಯ ಹೊಟ್ಟೆ ಕುಲುಕಿತು. ಕದ್ದ ಎಲೆ, ತಂತಿ, ಚೀಲ, ಒಂದು ತೊಟ್ಟು ಹಾಲು. ಐದು ನಿಮಿಷ ಎಂದೋ ಆಗಿತ್ತು. ಅಚ್ಚು ಕಲ್ಲಿನಂತೆ ಗಟ್ಟಿಯಾಗಿತ್ತು. ಅವನಿಗೆ ಅದರ ಪರಿವೆಯಿರಲಿಲ್ಲ. ಮುದುಕಿಗೆ ಇತ್ತು. ತಟ್ಟೆಯ ಹಿಡಿಗೆ ಹೋಗಿದ್ದ ತನ್ನ ಕೈಯನ್ನು ಮೆಲ್ಲಗೆ ತೊಡೆಯ ಮೇಲೆ ಇಳಿಸಿ, ಅವನ ಒದ್ದೆ ಕಣ್ಣನ್ನೇ ನೋಡುತ್ತ, ಅವಳು ಇನ್ನೊಂದು ಸಲ ಹ್ಞೂಂಗುಟ್ಟಿದಳು.