ದಿಲ್‌ಪಸಂದ್ ಅಂಕಲ್ ಮತ್ತು ಸಿಸ್ಟಂ ಬಿಲ್

ಹೋದ ಶನಿವಾರ ಮಧ್ಯಾಹ್ನ ಹನ್ನೆರಡೂವರೆಗೆ ನಾನು ಒಂದೇ ಒಂದು ಬಟನ್ ಒತ್ತಿ ನಲವತ್ತೆರಡು ಜನರ ಮರ್ಯಾದೆ ತೆಗೆದೆ. ಬೇಕಂತ ಮಾಡಿದ್ದಲ್ಲ. (ಬೇಕಂತ ಮಾಡಿದ್ದರೆ ಇಷ್ಟು ಅಚ್ಚುಕಟ್ಟಾಗಿ ಆಗುತ್ತಲೂ ಇರಲಿಲ್ಲ.)

ನನ್ನ ತಮ್ಮ ಸತೀಶ ರಾಮಮೂರ್ತಿ ನಗರದಲ್ಲಿ ಕಾರ್ ಡೀಟೇಲಿಂಗ್ ಅಂಗಡಿ ಇಟ್ಟಿದ್ದಾನೆ. "ಕಾರು ತೊಳೀತಾನೆ" ಅಂದರೆ ಅವನಿಗೆ ಕೆಂಡದಂಥ ಕೋಪ. ತೊಳೆಯುವುದು ಬೇರೆಯಂತೆ, ಡೀಟೇಲಿಂಗ್ ಬೇರೆಯಂತೆ. ಸೀಟು ಕಳಚಿ, ಸಂದುಗೊಂದಿಯನ್ನೆಲ್ಲ ಬ್ರಷ್ಷಿನಿಂದ ಉಜ್ಜಿ, ಪಾಲಿಶ್ ಹೊಡೆದು, ನಮ್ಮ ಕಾರು ನಮಗೇ ಗುರುತು ಸಿಗದ ಹಾಗೆ ಮಾಡಿಕೊಡುವುದು. ನಮ್ಮಮ್ಮನಿಗೆ ನಾಲ್ಕು ವರ್ಷದಿಂದ ವಿವರಿಸುತ್ತಲೇ ಇದ್ದಾನೆ.

ಅವನಿಗೊಂದು ದೊಡ್ಡ ಆರ್ಡರ್ ಸಿಗುವುದರಲ್ಲಿತ್ತು. ಕೆ.ಆರ್. ಪುರದ ಕಡೆ ಒಂದು ಅಪಾರ್ಟ್‌ಮೆಂಟು, ಅರವತ್ತು ಕಾರು, ವರ್ಷದ ಕಾಂಟ್ರಾಕ್ಟು. ಸಿಕ್ಕರೆ ಅಂಗಡಿ ಉಳಿಯುತ್ತದೆ. ಇಲ್ಲದಿದ್ದರೆ ಬಾಗಿಲು ಹಾಕಿ, ಜಗಳವಾಡಿ ಬಿಟ್ಟುಬಂದ ಹಳೇ ಶೋರೂಮಿಗೇ ಕೆಲಸ ಕೇಳಿಕೊಂಡು ಹೋಗಬೇಕು. ಅಪಾರ್ಟ್‌ಮೆಂಟಿನ ಸೆಕ್ರೆಟರಿ ಅವನ ಹಳೇ ಗಿರಾಕಿ, ಒಳ್ಳೆಯವರು. ಆದರೆ ಒಂದು ಷರತ್ತು ಹಾಕಿದ್ದರು.

"ಕೈಬರಹದ ಬಿಲ್ ನಡೆಯಲ್ಲಪ್ಪ. ಆಡಿಟರ್ ಒಪ್ಪಲ್ಲ. ಸಿಸ್ಟಂ ಬಿಲ್ ಬೇಕು. ಸೋಮವಾರದೊಳಗೆ ಒಂದು ಸಾಫ್ಟ್‌ವೇರ್ ಹಾಕ್ಕೊಂಡು ಬಾ."

ಸತೀಶ ನನಗೆ ಫೋನ್ ಮಾಡಿದ. "ಅಕ್ಕಾ, ನೀನು ದಿನಾ ಕಂಪ್ಯೂಟರ್ ಮುಂದೆ ಕೂತಿರ್ತೀಯಲ್ಲ, ಒಂದು ಅಕೌಂಟಿಂಗ್ ಸಾಫ್ಟ್‌ವೇರ್ ಸೆಲೆಕ್ಟ್ ಮಾಡ್ಕೊಡೇ."

ಅಂಕಣ ಬರೆಯುವವರಿಗೆ ಅಕೌಂಟ್ಸ್ ಬರುತ್ತದೆ ಅಂತ ಇವನಿಗೆ ಹೇಳಿದವರು ಯಾರು? ಆದರೆ ತಮ್ಮ ಕೇಳಿದ ಮೇಲೆ ಗೊತ್ತಿಲ್ಲ ಅನ್ನಲಾದೀತೆ? ಅಕ್ಕ ಅನ್ನುವ ಹುದ್ದೆಗೂ ಒಂದು ಘನತೆ ಇದೆ. ಲ್ಯಾಪ್‌ಟಾಪ್ ಬಗಲಿಗೇರಿಸಿ ಜೀವನ್ ಬಿಮಾ ನಗರದಿಂದ ಆಟೋ ಹತ್ತಿದೆ.

ಮೊದಲ ಸಾಫ್ಟ್‌ವೇರು ದಿನಸಿ ಅಂಗಡಿಯವರಿಗಾಗಿ ಮಾಡಿದ್ದು. ಏನು ಬರೆದರೂ "ಎಷ್ಟು ಕೆಜಿ?" ಅಂತ ಕೇಳುತ್ತಿತ್ತು. ಬಾನೆಟ್ ಪಾಲಿಶ್ ಎಷ್ಟು ಕೆಜಿ? ಸತೀಶ ಗಂಭೀರವಾಗಿ ಯೋಚಿಸಿ, "ಅರ್ಧ ಕೆಜಿ ಹಾಕು" ಅಂದ. ಎರಡನೆಯದರಲ್ಲಿ ಬಿಲ್ ಮಾಡುವ ಜಾಗ ಹುಡುಕುವಷ್ಟರಲ್ಲಿ ನಮ್ಮ ಟೀ ಆರಿ ಕೆನೆ ಕಟ್ಟಿತ್ತು. ಮೂರನೆಯದು ಚೆನ್ನಾಗಿತ್ತು. ಹದಿನಾಲ್ಕು ದಿನ ಫ್ರೀ, ಕನ್ನಡ ಬರುತ್ತದೆ, ಬಿಲ್ ತಾನಾಗಿಯೇ ವಾಟ್ಸಾಪ್‌ನಲ್ಲಿ ಹೋಗುತ್ತದೆ. "ಇದೇ ಇರ್ಲಿ" ಅಂದೆ, ಮದುವೆ ಸೀರೆ ಆರಿಸಿದ ಗತ್ತಿನಲ್ಲಿ.

ಅದಕ್ಕೆ ಗಿರಾಕಿಗಳ ಹೆಸರು, ನಂಬರ್ ತುಂಬಬೇಕಿತ್ತು. ಸತೀಶ ಒಂದು ಉದ್ದನೆಯ ನೋಟ್‌ಬುಕ್ ಕೊಟ್ಟು ಶಾಂಪೂ ಕ್ಯಾನ್ ತರಲು ಹೋದ. ಆ ಪುಸ್ತಕ ಬರೆಯುವವರು ಅಂಗಡಿಯ ಪಾಲಿಶ್ ಮೇಸ್ತ್ರಿ, ಶಿವಾಜಿನಗರದ ಪಾಷಾ ಭಾಯ್. ತೆರೆದು ನೋಡಿದರೆ ಒಂದಾದರೂ ಹೆಸರಿದ್ದರೆ ಕೇಳಿ!

ನಾಯಿ ಕೂದಲು ಮೇಡಂ. ವಾಂತಿ ಸೀಟು, ಬಿಳಿ ಗಾಡಿ. ಡಿಕ್ಕಿಯಲ್ಲಿ ರಾಗಿ ಮೊಳಕೆ. ದಿಲ್‌ಪಸಂದ್ ಅಂಕಲ್.

"ಇವ್ರಿಗೆಲ್ಲ ಹೆಸ್ರಿಲ್ವಾ ಭಾಯ್?"

"ಹೆಸ್ರು ಯಾಕೆ ಮೇಡಂ? ಹತ್ತು ಸುರೇಶ್ ಇದ್ದಾರೆ, ಹನ್ನೆರಡು ಮಂಜುನಾಥ್. ಸೀಟ್ ಕೆಳಗೆ ನೋಡಿದ್ರೆ ಆದ್ಮಿ ಪೂರಾ ಗೊತ್ತಾಗ್ತಾನೆ."

ದಿಲ್‌ಪಸಂದ್ ಅಂಕಲ್ ಸೀಟಿನ ಕೆಳಗೆ ಪ್ರತಿ ಸಲವೂ ಬೇಕರಿಯ ದಿಲ್‌ಪಸಂದ್ ಚೂರು ಸಿಗುತ್ತಿತ್ತಂತೆ. ತೆಂಗಿನ ತುರಿ, ಟೂಟಿ ಫ್ರೂಟಿ, ಜೊತೆಗೆ ಇರುವೆ. ಇರಲಿ, ಆಮೇಲೆ ತಿದ್ದಿದರಾಯಿತು ಅಂತ ಪುಸ್ತಕದಲ್ಲಿ ಇದ್ದದ್ದನ್ನು ಇದ್ದ ಹಾಗೆ ಟೈಪ್ ಮಾಡಿದೆ. ನಲವತ್ತೆರಡೂ ಮುಗಿದಾಗ ಸಾಫ್ಟ್‌ವೇರು ಕೇಳಿತು: "ಗ್ರಾಹಕರಿಗೆ ಸ್ವಾಗತ ಸಂದೇಶ ಕಳುಹಿಸಲೇ?" ಎಂಥ ವಿನಯ! ಇಷ್ಟು ಮರ್ಯಾದೆಯಾಗಿ ನನ್ನನ್ನು ಮನೆಯಲ್ಲೂ ಯಾರೂ ಕೇಳುವುದಿಲ್ಲ. ಒತ್ತಿದೆ.

"ಪ್ರಿಯ ವಾಂತಿ ಸೀಟು, ಬಿಳಿ ಗಾಡಿ ಅವರೇ, ನಿಮ್ಮಂಥ ಗ್ರಾಹಕರೇ ನಮ್ಮ ಹೆಮ್ಮೆ."

ಅಂಗಡಿಯ ಫೋನ್ ಬಡಿದುಕೊಳ್ಳತೊಡಗಿತು. ನಾಯಿ ಕೂದಲು ಮೇಡಂ, "ನಮ್ಮ ಬ್ರೌನಿಗೆ ಕೂದ್ಲೇ ಉದುರಲ್ಲ!" ಅಂತ ಕಿರುಚಿದರು. ರಾಗಿ ಮೊಳಕೆಯವರು ಮಾತ್ರ ಮೆಲ್ಲಗೆ, "ಅದನ್ನ ಎಸೆದ್ಬಿಟ್ರಾ?" ಅಂತ ವಿಚಾರಿಸಿದರು.

ಅಷ್ಟರಲ್ಲಿ ಸತೀಶ ವಾಪಸ್ ಬಂದ. ಪಟ್ಟಿ ನೋಡಿ ಶಾಂಪೂ ಕ್ಯಾನ್ ಮೇಲೇ ಕುಸಿದು ಕೂತ. ದಿಲ್‌ಪಸಂದ್ ಅಂಕಲ್ ಅಂದರೆ ಬೇರಾರೂ ಅಲ್ಲ, ಅದೇ ಸೆಕ್ರೆಟರಿ! ಶುಗರ್ ಇರುವ ಮನುಷ್ಯ. ಮನೆಯಲ್ಲಿ ಹಾಗಲಕಾಯಿ ಜ್ಯೂಸ್ ಬಿಟ್ಟರೆ ಬೇರೆ ಕೊಡುವುದಿಲ್ಲ. ಸಾಲದ್ದಕ್ಕೆ ಪುಸ್ತಕದಲ್ಲಿದ್ದದ್ದು ಅವರ ಹೆಂಡತಿಯ ನಂಬರ್.

"ಹೋಯ್ತು ಕಣೇ ಅಕ್ಕಾ. ಅರವತ್ತು ಕಾರೂ ಹೋಯ್ತು" ಅಂದ. ಸಹಾಯ ಮಾಡಲು ಬಂದು ತಮ್ಮನ ಅಂಗಡಿಗೆ ನಾನೇ ಬೀಗ ಜಡಿದೆನಲ್ಲ!

ಆಗಲೇ ಸೆಕ್ರೆಟರಿಯವರ ಹೆಂಡತಿಯ ಫೋನ್ ಬಂತು. ಸತೀಶ ಸ್ಪೀಕರ್‌ಗೆ ಹಾಕಿದ.

"ದಿಲ್‌ಪಸಂದ್ ಅಂಕಲ್ ಅಂದ್ರೆ ಯಾರ್ರೀ?"

ಸತೀಶ ಪಾಷಾ ಭಾಯ್ ಮುಖ ನೋಡಿದ. ಪಾಷಾ ಭಾಯ್ ನನ್ನ ಮುಖ ನೋಡಿದರು. ನಾನು ಫ್ಯಾನ್ ನೋಡಿದೆ.

"ಸಿಸ್ಟಂ ಮಿಸ್ಟೇಕ್ ಮೇಡಂ" ಅಂದ ಸತೀಶ.

"ಮಿಸ್ಟೇಕ್ ಏನಿಲ್ಲ. ಈಗ್ಲೇ ಹೋಗಿ ಕಾರಿನ ಸೀಟ್ ಕೆಳಗೆ ನೋಡ್ದೆ, ದಿಲ್‌ಪಸಂದ್ ಚೂರು ಸಿಕ್ತು. ಎಂಟು ತಿಂಗ್ಳಿಂದ ಇವ್ರ ಶುಗರ್ ಯಾಕೆ ಇಳೀತಿಲ್ಲ ಅಂತ ಡಾಕ್ಟರ್‌ಗೇ ಗೊತ್ತಾಗ್ಲಿಲ್ಲ. ನಿಮಗೆ ಗೊತ್ತಾಯ್ತು ನೋಡಿ! ನಮ್ಮ ಅಪಾರ್ಟ್‌ಮೆಂಟ್ ಲೇಡೀಸ್ ಗ್ರೂಪ್‌ಗೆ ಹಾಕಿದ್ದೀನಿ. ಕಾಂಟ್ರಾಕ್ಟ್ ನಿಮಗೇ ಕೊಡೋಕೆ ಎಲ್ರೂ ಒಪ್ಪಿದ್ದಾರೆ. ಆದ್ರೆ ಬಿಲ್ ನಮ್ ನಂಬರ್‌ಗೇ ಬರ್ಬೇಕು. ಅದ್ರಲ್ಲಿ ಸೀಟ್ ಕೆಳಗೆ ಏನೇನ್ ಸಿಕ್ತು, ಎಷ್ಟೆಷ್ಟು ಸಿಕ್ತು ಅಂತ ಬರೆದಿರ್ಬೇಕು, ಅಷ್ಟೇ."

ಸೋಮವಾರ ಸೆಕ್ರೆಟರಿ ತಲೆ ಎತ್ತದೆ ಸಹಿ ಹಾಕಿದರು. ಸಾಫ್ಟ್‌ವೇರ್ ಯಾವುದು ಅಂತೀರಾ? ದಿನಸಿ ಅಂಗಡಿಯದ್ದೇ. ತಿಂಡಿಯನ್ನು ಗ್ರಾಂ ಲೆಕ್ಕದಲ್ಲಿ ತೋರಿಸುವುದು ಅದೊಂದೇ.

ಇದನ್ನೆಲ್ಲ ಮನೆಯಲ್ಲಿ ಊಟಕ್ಕೆ ಕೂತಾಗ ಹೊಟ್ಟೆ ಹಿಡಿದುಕೊಂಡು ನಗುತ್ತಾ ಹೇಳಿದೆ. ನನ್ನ ಯಜಮಾನರು ನಗಲಿಲ್ಲ. "ನಮ್ ಕಾರೂ ಅಲ್ಲಿಗೇ ಹೋಗೋದಲ್ವಾ?" ಅಂದರು, ಅಷ್ಟೇ.

ಇಂದು ಭಾನುವಾರ. ಬೆಳಿಗ್ಗೆ ಆರಕ್ಕೇ ಎದ್ದಿದ್ದಾರೆ. ಮದುವೆಯಾದ ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ತಾವೇ ಕಾರು ತೊಳೆಯುತ್ತಾರಂತೆ. ಕಿಟಕಿಯಿಂದ ನೋಡುತ್ತಿದ್ದೇನೆ. ಕಾರಿನ ಮೇಲೆ ಒಂದು ಹನಿ ನೀರು ಬಿದ್ದಿಲ್ಲ. ನಾಲ್ಕೂ ಬಾಗಿಲು ತೆರೆದು ಸೀಟಿನ ಕೆಳಗೆ ತಲೆ ತೂರಿಸಿದ್ದಾರೆ.

ನಾನೀಗ ಕೆಳಗಿಳಿದು ಹೋಗಿ ನೋಡಲೋ, ಬಿಲ್ ಬರುವವರೆಗೆ ಕಾಯಲೋ?