ಚನಿಯನ ಪಾಲಿಗೆ ಬಂದ ಕಾರು

ಕಲ್ಯಾಣದ ಪಕ್ಕದ ಶಹಾಡ್ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ, ಚಾಳಿನ ನಲ್ಲಿಯ ಪಕ್ಕ, ಒಂದು ಕೆಂಪು ಸ್ಪೋರ್ಟ್ಸ್ ಕಾರು ಎಡಕ್ಕೆ ವಾಲಿಕೊಂಡು ನಿಂತಿತ್ತು. ಎರಡೇ ಬಾಗಿಲು, ಎರಡೇ ಸೀಟು. ನೆರೆಯವರು ಬಾನೆಟ್ಟಿನ ಮೇಲೆ ಹಪ್ಪಳ ಒಣಗಿಸಬಾರದೆಂದು ಚನಿಯ ಅದಕ್ಕೆ ಟಾರ್ಪಾಲು ಹೊದಿಸಿದ್ದ. ಅವರು ಟಾರ್ಪಾಲಿನ ಮೇಲೆಯೇ ಒಣಗಿಸಿದರು. ಹಾದುಹೋಗುವವರು ಇದು ಯಾರ ಕಾರು ಎಂದು ಕೇಳಿದರೆ ಚನಿಯ ನನ್ನದು ಎನ್ನುತ್ತಿದ್ದ. ಕೇಳಿದವರು ನಗುತ್ತಿದ್ದರು, ಅವನಿಗೂ ನಗು ಬರುತ್ತಿತ್ತು.

ಚನಿಯನಿಗೆ ಐವತ್ತು ದಾಟಿತ್ತು. ಹುಟ್ಟಿದ್ದು ಬೆಳ್ತಂಗಡಿ ಕಡೆ. ಇತ್ತ ಬಂದದ್ದು ಠಾಣೆಯ ಒಂದು ಹೋಟೆಲಿನಲ್ಲಿ ಲೋಟ ತೊಳೆಯಲು, ಸ್ಟೇರಿಂಗ್ ಹಿಡಿದದ್ದು ಅದೇ ಹೋಟೆಲಿನ ಟೆಂಪೋದಲ್ಲಿ. ಆಮೇಲೆ ವಾಗ್ಳೆ ಎಸ್ಟೇಟಿನಲ್ಲಿ ಯಂತ್ರದ ಬಿಡಿಭಾಗ ಮಾಡುವ ಕಾರ್ಖಾನೆ ಇಟ್ಟಿದ್ದ ಮಧ್ವರಾಜರ ಬಳಿ ಡ್ರೈವರಾಗಿ ಸೇರಿದವನು ಮತ್ತೆಲ್ಲಿಗೂ ಹೋಗಲಿಲ್ಲ. ಅವರೂ ಊರಿನ ಕಡೆಯವರೇ, ತುಳುವಿನಲ್ಲೇ ಬಯ್ಯುತ್ತಿದ್ದರು, ತುಳುವಿನಲ್ಲೇ ಹೊಗಳುತ್ತಿದ್ದರು. ಬೇರೆ ಕೆಲಸಗಾರರಿಗೆ ಅವರು ಸೇಠ್. ಚನಿಯನಿಗೆ ಮಾತ್ರ ಧನಿ. ಊರಿನಲ್ಲಿ ಅವನ ಅಪ್ಪ ಗದ್ದೆಯ ಒಡೆಯರನ್ನು ಕರೆಯುತ್ತಿದ್ದ ಶಬ್ದವದು, ಮಗನ ಬಾಯಿಗೂ ಹಾಗೆಯೇ ಬಂದಿತ್ತು.

ಕಾರ್ಖಾನೆ ಮುಳುಗುವಾಗ ಉಳಿದವರು ಯೂನಿಯನ್ ಹಿಡಿದು, ಕೂಗಾಡಿ, ಅಷ್ಟೋ ಇಷ್ಟೋ ವಸೂಲು ಮಾಡಿಕೊಂಡರು. ಚನಿಯ ಗೇಟಿನ ಒಳಗೆ ಧನಿಗಳ ಕಾರು ಒರೆಸುತ್ತಾ ನಿಂತಿದ್ದ. ಕೂಗುವವರ ಸಾಲಿನಲ್ಲಿ ನಿಲ್ಲಲು ಅವನಿಗೆ ನಾಚಿಕೆ. ವರ್ಷಗಟ್ಟಲೆ ನಿಂತ ಸಂಬಳದ ಮಾತು ಬಂದಾಗಲೆಲ್ಲ ಮಧ್ವರಾಜರು "ಆಮೇಲೆ ನೋಡುವ ಚನಿಯಾ" ಎನ್ನುತ್ತಿದ್ದರು. ಕೊನೆಯ ದಿನ, ಹೇಗೋ ಏನೋ ಮನಸ್ಸು ಕರಗಿ, ಶೆಡ್ಡಿನಲ್ಲಿ ಧೂಳು ತಿನ್ನುತ್ತಿದ್ದ ಆ ಹಳೆಯ ಕೆಂಪು ಕಾರಿನ ಕೀಲಿಯನ್ನು ಅವನ ಕೈಯಲ್ಲಿಟ್ಟು, "ಇದು ನಿನಗೆ. ನಿನ್ನ ಲೆಕ್ಕ ಇದರಲ್ಲಿ ಮುಗಿಯಿತು. ಮಾರಿಕೊಂಡು ಏನು ಬೇಕಾದರೂ ಮಾಡು" ಎಂದರು. ಚನಿಯನ ಕಣ್ಣು ತುಂಬಿ ಬಂತು. ಕಾಗದಪತ್ರ ಕೇಳುವುದು ಅವನಿಗೆ ಹೊಳೆಯಲೇ ಇಲ್ಲ.

ಆದರೆ ಆ ಕಾರಿಗೆ ಕಾಲೇ ಇರಲಿಲ್ಲ. ಹೊಂಡದ ಪೆಟ್ಟು ತಡೆಯುವ ನಾಲ್ಕೂ ಶಾಕಪ್ ಸತ್ತಿದ್ದವು, ಎಡ ಮುಂದಿನದರಿಂದ ಎಣ್ಣೆ ಸೋರಿ ಚಕ್ರವೆಲ್ಲ ಜಿಡ್ಡು. ಸಣ್ಣದೊಂದು ಹೊಂಡಕ್ಕೆ ಬಿದ್ದರೂ ಧಡಾರ್ ಎಂದು ಬೆನ್ನುಹುರಿಗೇ ತಾಗುತ್ತಿತ್ತು. ಹೊಂಡವಿಲ್ಲದ ರಸ್ತೆ ಕಲ್ಯಾಣದಲ್ಲಿ ಎಲ್ಲಿಂದ ಬರಬೇಕು? ಗ್ಯಾರೇಜಿನ ಅರ್ಷದ್ ಮಿಸ್ತ್ರಿ ಅಡಿಯಲ್ಲಿ ನುಸುಳಿ ಹೊರಬಂದು ನೇರವಾಗಿ ಹೇಳಿದ: ಕಂಪನಿಯ ಹೊಸ ಮಾಲು ಹಾಕಿದರೆ ಮೂರೂವರೆ ಲಕ್ಷ, ಕುರ್ಲಾದಿಂದ ಬಳಸಿದ್ದು ತಂದರೆ ಒಂದೂವರೆ. "ಹೀಗೇ ಮಾರಿದರೆ ಗುಜರಿಯವನು ಎಂಬತ್ತು ಸಾವಿರ ಕೊಟ್ಟಾನು. ಸರಿ ಮಾಡಿಸಿದರೆ ಶೋಕಿಯ ಗಿರಾಕಿ ಐದು ಲಕ್ಷ ಕೊಡುತ್ತಾನೆ. ಯೋಚನೆ ಮಾಡು ಚಾಚಾ."

ಚನಿಯನಿಗೆ ಬೇಕಾಗಿದ್ದದ್ದು ಒಂದು ಸ್ಕೂಲ್ ವ್ಯಾನು. ಅವನ ವಯಸ್ಸಿನ ಡ್ರೈವರನ್ನು ಯಾರೂ ಕೆಲಸಕ್ಕಿಟ್ಟುಕೊಳ್ಳುತ್ತಿರಲಿಲ್ಲ. ಡೊಂಬಿವಲಿಯಲ್ಲಿ ಮಕ್ಕಳನ್ನು ಸಾಗಿಸುತ್ತಿದ್ದ ದಯಾನಂದನೆಂಬ ಪರಿಚಯದವನು ಕಣ್ಣು ಮಂಜಾಗಿ ವ್ಯಾನು ಮಾರಲು ಹೊರಟಿದ್ದ. ವ್ಯಾನಿನ ಜೊತೆ ಮಕ್ಕಳೂ ಸಿಗುತ್ತಿದ್ದರು, ಹೊಸ ದಾರಿ ಹುಡುಕಬೇಕಿರಲಿಲ್ಲ. ಶಾಲೆ ಶುರುವಾಗುವ ತನಕ ಕಾಯುತ್ತೇನೆ, ಆಮೇಲೆ ಬೇರೆಯವರಿಗೆ ಕೊಡುತ್ತೇನೆ ಎಂದಿದ್ದ. ಎಂಬತ್ತು ಸಾವಿರಕ್ಕೆ ವ್ಯಾನು ಬರುವುದಿಲ್ಲ, ಐದು ಲಕ್ಷಕ್ಕೆ ಬರುತ್ತದೆ. ಲೆಕ್ಕ ಇಷ್ಟೇ, ಆದರೆ ಒಂದೂವರೆ ಲಕ್ಷ ಎಲ್ಲಿಂದ?

ಹೆಂಡತಿ ವಿಮಲಾ ಕಲ್ಯಾಣದ ಒಂದು ಹೋಟೆಲಿನ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವವಳು. "ಗುಜರಿಗೆ ಕೊಟ್ಟು ಬಿಡಿ" ಎಂದಳು ಮೊದಲ ದಿನವೇ. "ಆ ಪೀಡೆ ನಮಗೆ ಬೇಡ. ಬಂದಷ್ಟು ಬರಲಿ."

ಚನಿಯ ವಾದಿಸಲಿಲ್ಲ. ಮಾತೇ ಬಿಟ್ಟ. ಬೆಳಿಗ್ಗೆ ಎದ್ದು ಕಾರಿನ ಸುತ್ತ ತಿರುಗುವುದು, ಎಡ ಮೂಲೆಯನ್ನು ಕೈಯಿಂದ ಅದುಮಿ ನೋಡುವುದು, ಮತ್ತೆ ಬಂದು ಕೂರುವುದು. ಕಾಯಿಲೆ ಬಿದ್ದ ಎಮ್ಮೆಯ ಹತ್ತಿರ ಕೂತವರ ಹಾಗೆ ಕೂರುತ್ತಿದ್ದ. ನೋಡಿ ನೋಡಿ ಸಾಕಾದ ವಿಮಲಾ ಒಂದು ದಿನ ತಾಯಿ ಕೊಟ್ಟಿದ್ದ ಎರಡು ಬಂಗಾರದ ಬಳೆಗಳನ್ನು ಕಳಚಿ ಅವನ ಚಹಾ ಲೋಟದ ಪಕ್ಕ ಇಟ್ಟಳು. "ತಕೊಳ್ಳಿ. ನನ್ನ ಕೈಯಲ್ಲಿ ಈಗ ಈರುಳ್ಳಿ ವಾಸನೆ ಬಿಟ್ರೆ ಬೇರೆ ಎಂತ ಉಂಟು? ಆದ್ರೆ ವ್ಯಾನು ಮನೆ ಎದುರು ಬಂದು ನಿಲ್ಲಬೇಕು, ಹೇಳಿದ್ದೇನೆ." ಅವಳ ಮೈಮೇಲೆ ಬೇರೆ ಬಂಗಾರವಿರಲಿಲ್ಲ. ಕರಿಮಣಿ ಸರದ್ದೂ ಗಿಲೀಟೇ.

ಬಳೆ ಮಾರಿ ಬಂದ ಹಣಕ್ಕೆ ಅರ್ಷದ್ ಮೋಸ ಮಾಡಲಿಲ್ಲ. ಶಾಕಪ್, ಆರ್ಮು, ಬುಶ್ಶು ಎಲ್ಲ ಬದಲಾಗಿ, ಅಲೈನ್‌ಮೆಂಟ್ ಮುಗಿದ ದಿನ ಚನಿಯ ವಿಮಲಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಶಹಾಡದ ಫ್ಲೈಓವರ್ ದಾಟಿ ಬಂದ. ಗಂಡ ಓಡಿಸುವ ಕಾರಿನ ಮುಂದಿನ ಸೀಟಿನಲ್ಲಿ ಅವಳು ಕೂತದ್ದು ಜೀವಮಾನದಲ್ಲಿ ಅದೇ ಮೊದಲು. ಕಾರು ಹೊಂಡ ಇಳಿದು ಹತ್ತಿದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಬಾಯಿ ಮುಚ್ಚಿಕೊಂಡು ನಕ್ಕಳು. ಆ ನಗು ನೋಡಿ ಚನಿಯನಿಗೆ ಬದುಕಿದ್ದು ಸಾರ್ಥಕ ಅನ್ನಿಸಿತು.

ಗಿರಾಕಿಯನ್ನೂ ಅರ್ಷದನೇ ಹುಡುಕಿದ್ದ. ಐದು ಲಕ್ಷಕ್ಕೆ ಒಪ್ಪಿಗೆ. ಕಾರು ಇನ್ನೂ ಮಧ್ವರಾಜರ ಹೆಸರಿನಲ್ಲೇ ಇತ್ತು, ಅವರದೊಂದು ಸೈ ಬೇಕು, ಅಷ್ಟೇ.

"ಟ್ರೇನಲ್ಲಿ ಹೋಗಿ, ಸೈ ಹಾಕಿಸಿ ಬನ್ನಿ" ಎಂದಳು ವಿಮಲಾ. "ಕಾರು ಯಾಕೆ ಅಲ್ಲಿಗೆ?"

"ಧನಿಗಳಿಗೆ ತೋರಿಸದೆ ಮಾರುದಾ? ಎಂತ ಮಾತು ನಿನ್ನದು!"

ಅವನ ಅಪ್ಪ, ಅಜ್ಜ ಎಲ್ಲ ಹಬ್ಬಕ್ಕೆ ಮುಂಚೆ ಗದ್ದೆಯ ಒಡೆಯರ ಅಂಗಳಕ್ಕೆ ಬುಳೆಕಾಣಿಕೆ ಒಯ್ಯುತ್ತಿದ್ದರು. ತಾವೇ ಬೆಳೆದ ಸೌತೆ, ಬಾಳೆಗೊನೆ, ಮನೆಯಲ್ಲೇ ಇಟ್ಟುಕೊಂಡರೆ ಮಕ್ಕಳಿಗಾದರೂ ಆಗುತ್ತಿತ್ತು, ಆದರೆ ಮೊದಲ ಪಾಲು ಧನಿಗಳ ಕಣ್ಣೆದುರು ಇಡಬೇಕು. ಇಟ್ಟು ಕೈಮುಗಿದು ನಿಲ್ಲಬೇಕು. ಆ ಗದ್ದೆ ಹೋಗಿ, ಆ ಒಡೆಯರ ಮಕ್ಕಳು ಎಲ್ಲೆಲ್ಲೋ ಹೋಗಿ ಎಷ್ಟು ಕಾಲವಾಯಿತು! ಚನಿಯನ ಬೆನ್ನು ಮಾತ್ರ ಇನ್ನೂ ಬಾಗಿಯೇ ಇತ್ತು. ಅದನ್ನು ಅವನು ನಿಯತ್ತು ಎಂದು ತಿಳಿದಿದ್ದ. ಕತೆ ಹೇಳುವ ನನಗೆ ಸಿಟ್ಟು ಬರುವುದು ಇಲ್ಲಿಯೇ.

ಭಾನುವಾರ ಬೆಳಿಗ್ಗೆ ಕಾರು ತೊಳೆದು, ಕಲ್ಯಾಣದ ಮಾರ್ಕೆಟಿನಲ್ಲಿ ಎರಡು ದೊಡ್ಡ ಸೌತೆಕಾಯಿ, ಒಂದು ಚಿಪ್ಪು ಬಾಳೆಹಣ್ಣು ಕೊಂಡು, ಶೀಳ್ ಫಾಟಾ ದಾರಿಯಾಗಿ ಸಾನಪಾಡಾಕ್ಕೆ ಹೋದ. ಮಧ್ವರಾಜರು ಅಲ್ಲಿ ಮಗನ ಜೊತೆ ದೊಡ್ಡ ಫ್ಲ್ಯಾಟಿನಲ್ಲಿದ್ದರು. ಸೌತೆಕಾಯಿ ಕಂಡು ಅವರ ಮುಖ ಅರಳಿತು. "ಇದೆಲ್ಲ ಎಂತದಕ್ಕೆ ಮಾರಾಯಾ" ಎಂದು ಒಳಗೆ ಕರೆದು ಊಟ ಹಾಕಿಸಿದರು. ಊಟ ಅಡುಗೆಮನೆಯಲ್ಲಿ. ಸೈ ಹಾಕಿಸುವ ಫಾರಂ ಚನಿಯನ ಅಂಗಿಯ ಕಿಸೆಯಲ್ಲೇ ಇತ್ತು. ಉಂಡ ಮೇಲೆ ಕೇಳುವ ಎಂದುಕೊಂಡ.

ಕೈತೊಳೆದು ಬರುವಾಗ ಮಗ ಜಯೇಶ್ ಬಾಲ್ಕನಿಯಿಂದ ಕೆಳಗೆ ನೋಡುತ್ತಿದ್ದ. "ಅರೇ, ಯೇ ಅಪ್ನೀ ಲಾಲ್ ಗಾಡಿ ಹೈ ಕ್ಯಾ? ಇತ್ನೀ ಮಸ್ತ್ ಕೈಸೇ ಹೋ ಗಯೀ?"

ತಮ್ಮ ಕೆಂಪು ಗಾಡಿ ಇಷ್ಟು ಚೆಂದ ಹೇಗಾಯಿತೆಂಬ ಆ ಹೊಗಳಿಕೆಗೆ ಚನಿಯ ಉಬ್ಬಿದ. ಕುರ್ಲಾದ ಶಾಕಪ್ಪಿನ ಕತೆಯನ್ನೆಲ್ಲ ಹೇಳಿದ, ಬಳೆಯ ಮಾತೊಂದನ್ನು ಬಿಟ್ಟು. ಜಯೇಶ್ ಕೀಲಿಗೆ ಕೈಚಾಚಿದ, ಚನಿಯ ಕೊಟ್ಟ. ಇಬ್ಬರೂ ಪಾಮ್ ಬೀಚ್ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದರು. "ಏಕ್‌ದಮ್ ಮಕ್ಖನ್!" ಎಂದ ಜಯೇಶ್, ಬೆಣ್ಣೆಯ ಹಾಗೆ ಓಡುತ್ತದಂತೆ. ಮೇಲೆ ಬಂದವನು ಕೀಲಿಯನ್ನು ತನ್ನ ಪ್ಯಾಂಟಿನ ಕಿಸೆಗೆ ಹಾಕಿಕೊಂಡು ತಂದೆಗೆ ಹೇಳಿದ: "ಪಪ್ಪಾ, ಯೇ ಮೈಂ ರಖ್ ಲೇತಾ ಹೂಂ. ವೈಸೇ ಭೀ ಆಪ್‌ಕೇ ನಾಮ್ ಪೇ ಹೈ." ಕಾರನ್ನು ತಾನೇ ಇಟ್ಟುಕೊಳ್ಳುತ್ತಾನಂತೆ, ಹೇಗೂ ಅದು ತಂದೆಯ ಹೆಸರಿನಲ್ಲೇ ಇದೆಯಂತೆ.

ಚನಿಯ ಧನಿಗಳ ಮುಖ ನೋಡಿದ. ಅವರು ಟೀಪಾಯಿಯ ಮೇಲಿದ್ದ ಸೌತೆಕಾಯಿಗಳನ್ನು ನೋಡುತ್ತಿದ್ದರು. ಅವರಿಗೆ ಎಲ್ಲ ನೆನಪಿತ್ತು, ಮುಖದಲ್ಲೇ ಕಾಣುತ್ತಿತ್ತು.

"ಹುಡುಗನಿಗೆ ಆಸೆ ಆಗಿದೆ ಚನಿಯಾ" ಎಂದರು ಕೊನೆಗೆ. "ನಿನ್ನದು ಆಮೇಲೆ ನೋಡುವ."

ಅಲ್ಲಿ ಒಂದು ಮಾತು ಆಡಿದ್ದರೆ ಸಾಕಿತ್ತು. ನನ್ನ ಹೆಂಡತಿಯ ಬಳೆ ಅದರೊಳಗಿದೆ ಎಂದರೆ ಸಾಕಿತ್ತು. ಅಷ್ಟು ಕಲ್ಲೆದೆಯವರಲ್ಲ ಅವರು, ಏನೋ ಒಂದು ಕೊಟ್ಟಾರು. ಚನಿಯ ಕೈಮುಗಿದು ಹೊರಟ. ಉಂಡ ಅನ್ನ ಹೊಟ್ಟೆಯಲ್ಲಿತ್ತು. ಇಂಥ ಕಾರು ಸರಿ ಮಾಡಿಸದೆ ಟಾರ್ಪಾಲಿನಡಿಯಲ್ಲೇ ಕೊಳೆಯಲು ಬಿಟ್ಟಿದ್ದರೆ ಯಾರೂ ಅದರ ಕಡೆ ತಿರುಗಿ ನೋಡುತ್ತಿರಲಿಲ್ಲ ಎಂಬುದು ಅವನಿಗೆ ಲಿಫ್ಟಿನಲ್ಲಿ ಇಳಿಯುವಾಗ ಹೊಳೆಯಿತು. ಅಷ್ಟರಲ್ಲಿ ನೆಲ ಬಂದು ಬಾಗಿಲು ತೆರೆದಿತ್ತು.

ಸಾನಪಾಡಾದಿಂದ ಠಾಣೆ, ಠಾಣೆಯಿಂದ ಶಹಾಡ್. ಸಂಜೆ ಮನೆ ಮುಟ್ಟಿದಾಗ ವಿಮಲಾ ಬಾಗಿಲಲ್ಲೇ ನಿಂತಿದ್ದಳು. ಖಾಲಿ ಗಲ್ಲಿಯನ್ನೂ ಅವನನ್ನೂ ನೋಡಿದಳು. ಅವನು ಹೇಳಿದ್ದನ್ನು ಪೂರ್ತಿ ಕೇಳಿದಳು.

"ಬಳೆಯದ್ದು ಹೇಳಿದ್ರಾ?"

"ಹೇಗೆ ಹೇಳುದು? ಊಟ ಹಾಕಿದ್ರು ಅವರು."

ಅವಳು ಬಟ್ಟಲಿಟ್ಟು ಗಂಜಿ ಬಡಿಸಿದಳು. ಅವನು ಕೈ ಹಾಕುವಷ್ಟರಲ್ಲಿ ಫೋನು ಬಂತು. ಜಯೇಶ್. ರಿವರ್ಸ್ ಗೇರ್ ಬೀಳುತ್ತಿಲ್ಲವಂತೆ. ಚನಿಯ ಬಟ್ಟಲು ಬಿಟ್ಟು ಎದ್ದು ನಿಂತ. ಗೇರನ್ನು ಒಮ್ಮೆ ಕೆಳಗೆ ಅದುಮಿ ಎಡಕ್ಕೆ ಎಳೆಯಬೇಕೆಂದು, ಈಗಷ್ಟೇ ಹಾಕಿದ ಶಾಕಪ್ಪಾದ್ದರಿಂದ ಕೆಲವು ದಿನ ಜೋರು ಬೇಡವೆಂದು, ಎಡ ಮುಂದಿನ ಟೈರಿಗೆ ಗಾಳಿ ಸ್ವಲ್ಪ ಜಾಸ್ತಿ ಇರಲಿಯೆಂದು, ಒಂದೊಂದನ್ನೇ ನಿಧಾನವಾಗಿ ವಿವರಿಸಿದ. "ಹಾಂ ಸಾಬ್, ಹಾಂ ಸಾಬ್" ಎಂದು ಮುಗಿಸಿ, ಫೋನಿಟ್ಟು ಕೂತ.

ವಿಮಲಾ ಆರಿದ ಗಂಜಿಯ ಬಟ್ಟಲನ್ನು ಅವನ ಕಡೆ ಸರಿಸಿದಳು.

"ನಿಮ್ಮನ್ನು ಅವರು ಕೆಲಸದಿಂದ ಬಿಟ್ಟೇ ಇಲ್ಲ" ಎಂದಳು. "ಸಂಬಳ ಕೊಡುದನ್ನು ಮಾತ್ರ ಬಿಟ್ಟದ್ದು."